ಗೌರಿಗೆ ಭೈರನ ಮುದ್ದೆ

“ಪ್ರಯೋಗದ ಪಟ್ಟಿಯಿಂದ ಅಪ್ಪನ ಹೆಸರು ತೆಗೆದಿದ್ದು ಯಾರು?”

“ನಾನೇ.”

ಊಟಿ ಆಸ್ಪತ್ರೆಯ ವರಾಂಡದಲ್ಲಿ ಚಿನ್ನಿಗೆ ಮೈಯೆಲ್ಲ ಉರಿದುಹೋಯಿತು. ಮರೆವಿನ ಹೊಸ ಔಷಧಿ ಪ್ರಯೋಗಕ್ಕಾಗಿ ಈ ಡಾಕ್ಟರ್ ರಂಗನಾಥನ್ ತೆಪ್ಪಕಾಡಿನ ಆನೆ ಕ್ಯಾಂಪಿಗೆ ಬಂದು ಅಪ್ಪನನ್ನು ಎಷ್ಟು ಸಲ ನೋಡಿದ್ದ! ಬಂದಾಗಲೆಲ್ಲ ಅವಳ ಕೈಯ ಟೀ ಕುಡಿದು, ಇನ್ನೊಂದು ಲೋಟ ಕೇಳಿ ಕೂತಿರುತ್ತಿದ್ದ. ಯಾಕೆಂದು ಕ್ಯಾಂಪಿನ ಆನೆಗಳಿಗೂ ಗೊತ್ತಿತ್ತು, ಬಿಡಿ.

“ಕಾಡಿನವರಿಗೆ ಹೊಸ ಔಷಧಿ ದಂಡ ಅಂತಾನಾ?”

“ಅಲ್ಲ ಚಿನ್ನಿ. ಮಿದುಳಿನ ಸಣ್ಣ ರಕ್ತನಾಳಗಳು ಮೆಲ್ಲಮೆಲ್ಲಗೆ ಕೆಟ್ಟು ಬರೋ ಮರೆವಿಗೆ ಈ ಔಷಧಿ. ನಿಮ್ಮಪ್ಪನ ಸ್ಕ್ಯಾನ್‌ನಲ್ಲಿ ಅವು ಚೆನ್ನಾಗಿವೆ. ನೆನಪಿನ ಜಾಗದಲ್ಲಿ ಒಂದೇ ಒಂದು ಕಡೆ ರಕ್ತದ ಹರಿವು ನಿಂತ ಗುರುತಿದೆ. ಅದು ಬೇರೆ ಬಗೆ, ಒಂದೇ ದಿನಕ್ಕೆ ಬರುತ್ತೆ. ಎರಡೂ ಬಗೆಯವರನ್ನ ಬೆರೆಸಿದರೆ ಔಷಧಿ ಯಾರಿಗೆ ಹಿಡೀತು ಅಂತಾನೇ ತಿಳಿಯಲ್ಲ. ಆದರೆ ನೀವು ಮೆಲ್ಲಗೆ ಬಂತು ಅಂದಿದ್ರಿ...”

ಚಿನ್ನಿ ತಟ್ಟನೆ ತಿರುಗಿದಳು. ಸೀದಾ ಬಸ್ ಹತ್ತಿದಳು.

ಮರುದಿನ ಕ್ಯಾಂಪಿನ ಅಡುಗೆಮನೆಯಲ್ಲಿ ಆನೆಗಳಿಗೆ ರಾಗಿಮುದ್ದೆ ಕಟ್ಟುವಾಗಲೂ ಅವಳ ಸಿಟ್ಟು ಇಳಿದಿರಲಿಲ್ಲ. ಜೊತೆಗಿದ್ದ ತಂಗಮ್ಮ ಒಂದು ಮುದ್ದೆ ಎತ್ತಿ ಗೌರಿ ಆನೆಯ ಬುಟ್ಟಿಗೆ ಹಾಕಹೊರಟಳು.

“ಅಯ್ಯೋ, ಅದು ಭೈರನದು ತಂಗಮ್ಮಕ್ಕಾ! ಅದರಲ್ಲಿ ಹುಳದ ಮದ್ದಿದೆ. ಗೌರಿಗೆ ಯಾಕೆ?”

ಅಂದವಳ ಕೈ ಹಿಟ್ಟಿನಲ್ಲೇ ನಿಂತಿತು. ಆನೆ ಆನೆಗೂ ಬೇರೆ ಮುದ್ದೆ. ಇಷ್ಟು ಗೊತ್ತಿದ್ದೂ ಅಪ್ಪನಿಗೆ ಯಾರದೋ ಔಷಧಿಗಾಗಿ ಜಗಳವಾಡಿದೆನಲ್ಲ... ಅವಳಿಗೆ ನಾಚಿಕೆಯಾಯಿತು.

ಬಾಗಿಲಲ್ಲಿ ರಂಗನಾಥನ್ ನಿಂತಿದ್ದ. “ನಿಜ ಕೇಳೋಕೆ ಬಂದೆ. ಯಾವತ್ತು ಶುರುವಾಯ್ತು?”

“ಒಂದೇ ಬೆಳಗ್ಗೆ ಸಾರ್! ಅಪ್ಪ ಭೈರನ ಮುದ್ದೆ ತಗೊಂಡು ಗೌರಿ ಬಾಯಿಗಿಟ್ಟ. ಅವಳು ಉಗುಳಿಬಿಟ್ಟಳು. ತಾನು ಸಾಕಿದ ಆನೇದೇ ಗುರುತು ಸಿಗಲಿಲ್ಲ ನಮ್ಮಪ್ಪಂಗೆ! ಮಾವುತ ಕಾಳಯ್ಯ ಆನೆ ಮರೆತ ಅಂತ ಗೊತ್ತಾದರೆ ಕ್ಯಾಂಪಲ್ಲಿ ತಲೆ ಎತ್ತೋಕಾಗುತ್ತಾ? ಅದಕ್ಕೇ ವಯಸ್ಸಾಯ್ತು, ಮೆಲ್ಲಗೆ ಮರೀತಿದಾನೆ ಅಂತ ಎಲ್ಲರಿಗೂ ಹೇಳಿದೆ. ನಿಮಗೂ...”

“ಹೃದಯದಿಂದ ರಕ್ತದ ಹೆಪ್ಪು ಮಿದುಳಿಗೆ ಹೋಗಿರಬಹುದು. ಇನ್ನೊಂದು ಹೋಗದ ಹಾಗೆ ತಡೀಬೇಕು. ಅದಕ್ಕೆ ಹಳೇ ಮದ್ದೇ ಇದೆ. ನಾಳೇನೇ ಹೃದಯದ ಡಾಕ್ಟರಿಗೆ ತೋರಿಸೋಣ.”

“ನನ್ನ ಗುರುತು ಉಳಿಯುತ್ತಾ ಅವನಿಗೆ?”

“ಹೋಗಿದ್ದು ಪೂರಾ ಬರುತ್ತೆ ಅನ್ನಲಾರೆ. ಇರೋದನ್ನ ಉಳಿಸೋಕೆ ನೋಡಬಹುದು.”

ಚಿನ್ನಿ ರಾಗಿ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ತಂಗಮ್ಮ ಜಾಣೆ, ಬುಟ್ಟಿ ಎತ್ತಿಕೊಂಡು ಹೊರಗೆ ನಡೆದಳು.

“ನಾನೂ ಒಂದು ಮುಚ್ಚಿಟ್ಟಿದ್ದೆ,” ಅಂದ ರಂಗನಾಥನ್. “ನಿಮ್ಮಪ್ಪ ಪ್ರಯೋಗದಲ್ಲಿ ಇದ್ದಷ್ಟು ದಿನ ಹೇಳೋ ಹಾಗಿರಲಿಲ್ಲ. ಈಗ ಅಡ್ಡಿಯಿಲ್ಲ. ನಂಗೆ ನೀವು ಬೇಕು ಚಿನ್ನಿ.”

ಅವಳ ಕೆನ್ನೆಯ ಮೇಲೆ ಹಿಟ್ಟು ಹಾಗೇ ಇತ್ತು. ಅವಳು ಡಾಕ್ಟರನ ಹಾಗೇ ಮುಖ ಬಿಗಿಮಾಡಿ ಕೇಳಿದಳು.

“ಯಾವತ್ತು ಶುರುವಾಯ್ತು? ಮೆಲ್ಲಮೆಲ್ಲಗಾ, ಒಂದೇ ದಿನಕ್ಕಾ?”

“ಒಂದೇ ದಿನಕ್ಕೆ. ಮೊದಲ ಟೀಗೇ.”

“ನಂಗೆ ಮೆಲ್ಲಗೆ,” ಅಂದಳು ಚಿನ್ನಿ. “ಆದರೆ ಇದಕ್ಕೆ ಮದ್ದು ಬೇಡ ಸಾರ್.”