ಐದು ವಾರಗಳ ಸೊನ್ನೆ

ಖಾನಾಪುರದ ಸೆಂಟರಿನಲ್ಲಿ ಒಬ್ಬ ರೋಗಿಯೂ ತಪ್ಪಿಸಿಕೊಂಡಿಲ್ಲ ಎನ್ನುವುದೇ ನಾಗರತ್ನಾಳಿಗೆ ಅನುಮಾನ ಹುಟ್ಟಿಸಿತ್ತು.

ಕುಡಿತ ಬಿಡಿಸುವ ಚಿಕಿತ್ಸೆಗಳಲ್ಲಿ ಯಾವುದು ನಿಜಕ್ಕೂ ನಾಟುತ್ತದೆ ಎಂದು ತಿಳಿಯಲು ದೇಶದ ಹನ್ನೊಂದು ಸೆಂಟರುಗಳು ಸೇರಿ ಅಧ್ಯಯನ ನಡೆಸಿದ್ದವು. ಹನ್ನೊಂದನ್ನೂ ಒಂದೇ ದಾರದಲ್ಲಿ ಪೋಣಿಸಿ ಹಿಡಿಯುವ ಕೆಲಸ, ಬೆಳಗಾವಿಯ ಕ್ಯಾಂಪ್ ಬಡಾವಣೆಯ ಹಳೇ ಬಂಗಲೆಯಲ್ಲಿ ಆಫೀಸು ಮಾಡಿಕೊಂಡಿದ್ದ ನಾಗರತ್ನಾಳದು. ಕುಡುಕರು ಮೊದಲ ತಿಂಗಳು ಬರುತ್ತಾರೆ, ಎರಡನೆಯ ತಿಂಗಳು ನೆಪ ಹೇಳುತ್ತಾರೆ, ಮೂರನೆಯ ತಿಂಗಳು ಫೋನೇ ಎತ್ತುವುದಿಲ್ಲ. ಎಲ್ಲ ಊರಿನ ಕತೆಯೂ ಇಷ್ಟೇ. ಖಾನಾಪುರದಲ್ಲಿ ಮಾತ್ರ ನಲವತ್ತಕ್ಕೆ ನಲವತ್ತೂ ಹಾಜರು. ಯಾರೋ ಕುರ್ಚಿ ಬಿಟ್ಟೇಳದೆ ಫಾರ್ಮು ತುಂಬುತ್ತಿದ್ದಾರೆ ಎಂದುಕೊಂಡು ಆಕೆ ಹೇಳದೆ ಕೇಳದೆ ಹೋಗಿ ನಿಂತಳು.

ಅಲ್ಲಿನ ಕೌನ್ಸೆಲರ್ ಅಮರ ಪಾರಿಶ್ವಾಡದ ಕುರುಬರ ಮನೆಯವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಅಲ್ಲ. ಆಕೆಯ ಆರೋಪವನ್ನು ಪೂರ್ತಿ ಕೇಳಿಸಿಕೊಂಡು, ಇನ್ನೊಂದು ಹೆಲ್ಮೆಟ್ ತಂದು ಮೇಜಿನ ಮೇಲಿಟ್ಟ.

“ಬರ್ರಿ ಮೇಡಮ್. ಫಾರ್ಮ್ ಎಲ್ಲೆಲ್ಲಿ ತುಂಬತೀನಿ, ತೋರಸ್ತೀನಿ.”

ಕಬ್ಬಿನ ಹೊಲದಲ್ಲೊಬ್ಬ, ಹಂಚಿನ ಭಟ್ಟಿಯಲ್ಲಿಬ್ಬರು, ದೇಸೂರ ಸ್ಟೇಷನ್ನಿನ ಕಟ್ಟೆಯ ಮೇಲೊಬ್ಬ. ಒಬ್ಬನೊಡನೆ ಕನ್ನಡ, ಮತ್ತೊಬ್ಬನೊಡನೆ ಮರಾಠಿ. ಸಂತೆಯ ದಿನ ಕುಡಿದೆಯಾ, ಸಂಬಳದ ದಿನ ಎಷ್ಟು ಕುಡಿದೆ ಎಂದು ಕೇಳಿದರೆ ಅವರೆಲ್ಲ ಬೆರಳು ಮಡಚಿ ಲೆಕ್ಕ ಒಪ್ಪಿಸುತ್ತಿದ್ದರು. ನಿಮಗೇಕೆ ಇವರು ಸುಳ್ಳು ಹೇಳುವುದಿಲ್ಲ ಎಂದು ನಾಗರತ್ನಾ ಕೇಳಿದಳು. ತಾನೂ ಎಂಟು ವರ್ಷ ಕುಡಿದವನು, ಬಿಟ್ಟು ಆರು ವರ್ಷವಾಯಿತು ಎಂದ. ಈ ಕೆಲಸವೇ ತನ್ನನ್ನು ನೆಟ್ಟಗೆ ನಿಲ್ಲಿಸಿದೆಯೆಂದೂ ಸೇರಿಸಿದ.

ಬರುವ ದಾರಿಯಲ್ಲಿ ಬೈಕಿನ ಕನ್ನಡಿಯಲ್ಲಿ ಆತನ ಕಣ್ಣು ಎರಡು ಸಲ ಸಿಕ್ಕಿತು. ಮೂರನೆಯ ಸಲ ಆಕೆ ಕಾದು ಕೂತು ಹಿಡಿದಳು.

“ಕನ್ನಡಿ ಹಿಂದಿನ ಗಾಡಿ ನೋಡಾಕ ಇರತೈತ್ರಿ,” ಎಂದ ಆತ, ಸಿಕ್ಕಿಬಿದ್ದವನಂತೆ.

“ಹಿಂದ ಒಂದೂ ಗಾಡಿ ಇಲ್ಲಲ್ರೀ,” ಎಂದಳು ನಾಗರತ್ನಾ.

ಆಮೇಲೆ ಶುಕ್ರವಾರಗಳು ಶುರುವಾದವು. ಹನ್ನೊಂದೂ ಸೆಂಟರುಗಳು ಫೋನಿನಲ್ಲಿ ಸೇರುವ ದಿನ ಅದು. ಪಟ್ನಾ ಹೋಗುತ್ತಿತ್ತು, ಗುವಾಹಾಟಿ ಹೋಗುತ್ತಿತ್ತು, ಕೊನೆಗೆ ಖಾನಾಪುರವೊಂದೇ ಲೈನಿನಲ್ಲಿ ಉಳಿಯುತ್ತಿತ್ತು. ಊಟವಾಯಿತೇ ಎಂಬಲ್ಲಿಗೆ ಮುಗಿಯಬೇಕಾದ ಮಾತು ಒಂದು ತಾಸಿಗೂ ಮುಗಿಯುತ್ತಿರಲಿಲ್ಲ. ಮೂವತ್ತಾರನೆಯ ವಯಸ್ಸಿನಲ್ಲಿ ಶುಕ್ರವಾರಕ್ಕೆ ಸೀರೆ ಆರಿಸುವುದು, ಅದೂ ಫೋನಿಗಾಗಿ, ನಗೆಗೇಡು ಎಂದು ಆಕೆಗೂ ಗೊತ್ತಿತ್ತು. ಆದರೂ ಆರಿಸುತ್ತಿದ್ದಳು.

ಡಿಸೆಂಬರಿನ ಒಂದು ಮುಂಜಾನೆ, ಶುಕ್ರವಾರವಲ್ಲದ ದಿನ, ಅಮರನ ಫೋನು ಬಂತು. “ಸೋಮಲಿಂಗ ಹೋದ್ರಿ,” ಎಂದಷ್ಟೇ ಹೇಳಿ ಫೋನಿಟ್ಟ.

ಸೋಮಲಿಂಗ ಖಾನಾಪುರದಲ್ಲಿ ಮನೆ ಕಟ್ಟುವ ಗೌಂಡಿ, ನಲವತ್ತರಲ್ಲಿ ಒಬ್ಬ. ಅಧ್ಯಯನದಲ್ಲಿ ಯಾರು ಸತ್ತರೂ ನಾಗರತ್ನಾ ಖುದ್ದು ಹೋಗಿ ವಿಚಾರಿಸಿ ವರದಿ ಬರೆಯಬೇಕು. ಕಡತದಲ್ಲಿ ಆತನ ಕೊನೆಯ ಐದು ವಾರಗಳ ಕುಡಿತಕ್ಕೆ ಅಮರನ ಕೈಬರಹದಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ಕುಡಿತ ಬಿಟ್ಟವನು ಇದ್ದಕ್ಕಿದ್ದಂತೆ ಏಕೆ ಸತ್ತ ಎಂಬ ಪ್ರಶ್ನೆ ಹಿಡಿದು ಆಕೆ ಸೋಮಲಿಂಗನ ಹೆಂಡತಿ ಕಾಂತಾಳ ಎದುರು ಕೂತಳು.

ಕಾಂತಾ ಏನನ್ನೂ ಮುಚ್ಚಲಿಲ್ಲ. ಮುಚ್ಚಬೇಕಾದದ್ದು ಅದರಲ್ಲಿದೆ ಎಂದೇ ಆಕೆಗೆ ತಿಳಿದಿರಲಿಲ್ಲ. ಗಂಡ ದಿನವೂ ಕುಡಿಯುತ್ತಿದ್ದನಂತೆ. ಅಮರಣ್ಣ ದೊಡ್ಡ ಮನಸ್ಸು ಮಾಡಿ ಸೊನ್ನೆ ಬರೆಯುತ್ತಿದ್ದನಂತೆ. ಅವನ ಬರಹ ಸುಳ್ಳಾಗಬಾರದೆಂದು ಹೋದ ವಾರ ಗಂಡ ಒಂದೇ ಏಟಿಗೆ ಕುಡಿತ ನಿಲ್ಲಿಸಿದನಂತೆ. ಮೂರನೆಯ ದಿನ ಫಿಟ್ಸ್ ಬಂದು, ದವಾಖಾನೆ ಮುಟ್ಟುವ ಮೊದಲೇ ಜೀವ ಹೋಯಿತಂತೆ.

ವರ್ಷಗಟ್ಟಲೆ ವಿಪರೀತ ಕುಡಿದ ದೇಹ ಹಾಗೆ ಒಮ್ಮೆಲೇ ಬಿಟ್ಟರೆ ತಡೆಯುವುದಿಲ್ಲ. ಅದಕ್ಕೆಂದೇ ನಿಯಮವಿತ್ತು: ಮೂರು ವಾರ ಎಡೆಬಿಡದೆ ಕುಡಿದವನನ್ನು ಆಸ್ಪತ್ರೆಗೆ ಸೇರಿಸಲೇಬೇಕು.

ಅಮರ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದ. ಆಕೆಯ ಮುಖ ನೋಡಿದೊಡನೆ ಅವನಿಗೆ ತಿಳಿಯಿತು. ಮಗಳ ಲಗ್ನ ಗೊತ್ತಾಗಿದೆ, ಆಸ್ಪತ್ರೆಗೆ ಹಾಕಿದರೆ ಬೀಗರಿಗೆ ಸುದ್ದಿ ಮುಟ್ಟುತ್ತದೆ ಎಂದು ಸೋಮಲಿಂಗ ಕಾಲು ಹಿಡಿದಿದ್ದನಂತೆ. ಮುಂದಿನ ವಾರ ಬಿಟ್ಟಾನು, ಅದರ ಮುಂದಿನ ವಾರ ಬಿಟ್ಟಾನು ಎಂದು ತಾನು ನಂಬಿಕೊಂಡು ಬಂದೆ ಎಂದ.

ಹಾವೂ ಸಾಯದಂತೆ ಕೋಲೂ ಮುರಿಯದಂತೆ ಬರೆಯುವ ದಾರಿ ನಾಗರತ್ನಾಳಿಗೆ ಗೊತ್ತಿತ್ತು. ‘ಕುಡಿತದ ಮಾಹಿತಿ ದೊರೆತಿಲ್ಲ’ ಎಂಬ ಒಂದು ಸಾಲು ಸಾಕು, ಅಮರ ಉಳಿಯುತ್ತಿದ್ದ. ಆದರೆ ಎಚ್ಚರಿಕೆ ಮುಟ್ಟದ ಉಳಿದ ಹತ್ತು ಸೆಂಟರುಗಳಲ್ಲಿ ಇನ್ನೊಬ್ಬ ಸೋಮಲಿಂಗ ಹೀಗೇ ಸಾಯಬಹುದಿತ್ತು. ಅದು ಗೊತ್ತಿದ್ದೂ ಆಕೆ ಆಸೆಬಿದ್ದಳು.

“ಬ್ಯಾರೇ ಥರಾ ಬರೀಬಹುದು,” ಎಂದಳು ನೆಲ ನೋಡುತ್ತ.

ಅಮರ ತಲೆ ಅಲ್ಲಾಡಿಸಿದ. “ನಾ ಕುಡದ ಬಿದ್ದಾಗೆಲ್ಲಾ ನಮ್ಮವ್ವ ಮಂದಿಗೆ, ಮಗಗ ಜ್ವರ ಬಂದಾವ ಅಂತ ಹೇಳ್ತಿದ್ಲು. ಎಂಟ ವರ್ಷ ಹೇಳಿದ್ಲು. ಆಕಿ ಪ್ರೀತಿ ಖರೇನ ಇತ್ತು. ಆದ್ರ ಆಕಿ ಒಂದೊಂದ ಸುಳ್ಳಿಗೂ ನನಗ ಒಂದೊಂದ ಬಾಟ್ಲಿ ಧೈರ್ಯ ಬರ್ತಿತ್ತು. ಸೋಮಲಿಂಗಗ ನಾ ಅದನ್ನ ಮಾಡೀನಿ. ನೀವು ನನಗ ಮಾಡಬ್ಯಾಡ್ರಿ.”

ಆಕೆ ಇದ್ದದ್ದು ಇದ್ದಂತೆ ಬರೆದಳು. ಬರೆಯುತ್ತ ಅತ್ತಳು, ಅತ್ತು ಮುಗಿಸಿ ಕಳಿಸಿದಳು. ವಾರದೊಳಗೆ ಹತ್ತೂ ಸೆಂಟರುಗಳಿಗೆ ಕಟ್ಟುನಿಟ್ಟಿನ ಎಚ್ಚರಿಕೆ ಹೋಯಿತು. ಖಾನಾಪುರಕ್ಕೆ ಅಮರನನ್ನು ಕೆಲಸದಿಂದ ತೆಗೆದ ಪತ್ರ ಹೋಯಿತು. ಅದರ ಮೇಲೂ ಆಕೆಯದೇ ಸಹಿ.

ಬೈಕಿನ ಕೀಲಿ, ಗುರುತಿನ ಚೀಟಿ ಒಪ್ಪಿಸಲು ಆತ ಕ್ಯಾಂಪಿಗೆ ಬಂದ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು. ಆಕೆ ಗೇಟಿನ ತನಕ ಜೊತೆಗೆ ನಡೆದಳು. ಬೂದು ಬಣ್ಣದ ಸಂಜೆಯಲ್ಲಿ ಚರ್ಚಿನ ಗಂಟೆ ಹೊಡೆದು ನಿಂತಿತು.

“ನಮ್ಮಪ್ಪಾಜಿಗೆ ನಿಮ್ಮ ವಿಷಯ ಹೇಳಾಕಿ ಅದೀನ್ರಿ,” ಎಂದಳು.

ಆತ ತಟ್ಟನೆ ನಿಂತ. “ಏನಂತ?”

“ಕುಡಿಯೂದು ಬಿಟ್ಟಾರ, ಸುಳ್ಳ ಬರದು ಕೆಲಸ ಕಳಕೊಂಡಾರ, ಅವರಂದ್ರ ನನಗ ಜೀವ, ಅಂತ.”

“ನಡುವಿಂದಷ್ಟು ಬಿಡ್ರಿ.”

“ಬಿಡೂದಿಲ್ಲ. ನಾ ನಿಮ್ಮವ್ವ ಅಲ್ರೀ.”

ಆತ ನಕ್ಕ. ನಗು ಅರ್ಧಕ್ಕೇ ತುಂಡಾಗಿ, ಮುಖ ಆಚೆ ತಿರುಗಿಸಿದ. ಪ್ರೀತಿ ತನ್ನ ಕಡೆಯೂ ಕಡಿಮೆಯಿಲ್ಲ, ಆದರೆ ಈ ಕೆಲಸವಿಲ್ಲದೆ ತಾನು ನಿಲ್ಲಬಲ್ಲೆನೋ ಇಲ್ಲವೋ ತನಗೇ ತಿಳಿಯದು, ಒಂದು ವರ್ಷ ಕೊಡಿ ಎಂದ. ಆಮೇಲೆ ಕೇಳಿದ:

“ಅಷ್ಟರಾಗ ಕುಡದ್ನೆಂದ್ರ?”

ಕುಡಿಯುವುದಿಲ್ಲ ಬಿಡಿ ಎಂದು ಹೇಳಲು ನಾಗರತ್ನಾಳ ಜೀವ ಹಾತೊರೆಯಿತು. ಹನ್ನೊಂದು ಊರುಗಳ ಅಂಕಿಗಳನ್ನು ಕಂಡವಳು, ಹೇಳಲಿಲ್ಲ. ಆತನ ಕೈಯನ್ನು ಮೊದಲ ಸಲ ತನ್ನ ಕೈಯಲ್ಲಿ ಹಿಡಿದುಕೊಂಡಳು.

“ಅವತ್ತ ಬರ್ರಿ. ವರ್ಷ ಆಗೂ ಮಟ ಕಾಯಬ್ಯಾಡ್ರಿ.”