ಚಕ್ರದಡಿಯ ಮರದ ತುಂಡು

"ಗಾಡಿ ತಿರುಗಿಸ್ಕೊಂಡು ಹೋಗು, ಎಲಿಯೆಸರ್."

ಗ್ಯಾರೇಜಿನಲ್ಲಿ ಪಾನಾ ಹಿಡಿದು ಬಗ್ಗಿದ್ದ ಒಡಾಲಿಸ್ ತಲೆ ಎತ್ತಲೂ ಇಲ್ಲ. ಏರು ಹತ್ತಿ ಬಂದ ಎಂಜಿನ್ನಿನ ಕೆಮ್ಮು ಕೇಳಿಯೇ ಯಾರೆಂದು ಅವಳಿಗೆ ಗೊತ್ತಾಗಿತ್ತು. ಎರಡು ವರ್ಷದಿಂದ ಆ ಸದ್ದು ಗುಡ್ಡದ ಮೇಲಿನ ತಿವೋಲಿ ಕೇರಿಯ ಈ ಬೀದಿಗೆ ಬಂದಿರಲಿಲ್ಲ.

ಐವತ್ಮೂರನೇ ಇಸವಿಯ ನೀಲಿ ಷೆವರ್ಲೆ ಕಾರು ಗ್ಯಾರೇಜಿನ ಮುಂದೆ ನಿಂತಿತು. ಎಲಿಯೆಸರ್ ಇಳಿದವನೇ ಹಿಂದಿನ ಚಕ್ರದಡಿ ಮರದ ತುಂಡೊಂದನ್ನು ಒದ್ದು ಸಿಕ್ಕಿಸಿದ. ಅಭ್ಯಾಸವಾದ ಕಾಲು. ಮುಖ ಮಾತ್ರ ಸೊರಗಿತ್ತು.

"ನಾನಾಗಿ ಬಂದಿಲ್ಲ ಒಡಾಲಿಸ್..."

"ಮತ್ತೆ ಗಾಡಿ ತಾನೇ ಬಂತಾ? ಅದಕ್ಕೆ ಉರುಳೋ ಅಭ್ಯಾಸ ಇದೆ ಬಿಡು."

ಬಾಗಿಲ ಬಳಿ ಡಾಮಿನೋ ಮೇಜಿನ ಮುಂದೆ ಒಬ್ಬನೇ ಕೂತು ಬಿಲ್ಲೆ ಜೋಡಿಸುತ್ತಿದ್ದ ಮುದುಕ ಪ್ರುದೆನ್ಸಿಯೊ ಕೋಲಿನಿಂದ ನೆಲ ಕುಟ್ಟಿದ.

"ನಾನೇ ಬರೋಕೆ ಹೇಳಿದ್ದು."

"ಅಪ್ಪಾ!"

"ತಪಾಸಣೆಯಲ್ಲಿ ಹ್ಯಾಂಡ್‌ಬ್ರೇಕ್ ನಿಲ್ಲಲಿಲ್ಲವಂತೆ. ಗುರುವಾರದೊಳಗೆ ಸರಿಮಾಡಿಸದಿದ್ದರೆ ಟ್ಯಾಕ್ಸಿ ಪರವಾನಗಿ ಹೋಗುತ್ತೆ. ಕೆಲಸ ಮಾಡು. ಪ್ರೀತಿ ಮಾಡು ಅಂತ ಯಾರೂ ಹೇಳಿಲ್ಲ."

ಹ್ಯಾಂಡ್‌ಬ್ರೇಕ್. ಬೇರೆ ಯಾವ ಭಾಗವೂ ಕೆಡಲಿಲ್ಲವೇ ಈ ಗಾಡಿಗೆ?

ಅವಳ ಕಣ್ಣು ಅಪ್ಪನ ಎಡಗಾಲಿನತ್ತ ಹೋಯಿತು. ಮಂಡಿಯಿಂದ ಕೆಳಗೆ ಅದು ಸೊಟ್ಟಗೆ ಕೂಡಿಕೊಂಡಿತ್ತು. ಎರಡು ವರ್ಷದ ಹಿಂದಿನ ಆ ಸಂಜೆ ಅಪ್ಪ ಇದೇ ಜಾಗದಲ್ಲಿ, ಇದೇ ಮೇಜಿನ ಮುಂದೆ ಕೂತಿದ್ದ. ಎಲಿಯೆಸರ್ ಗಾಡಿ ನಿಲ್ಲಿಸಿ, ಆರಿಸಿದರೆ ಮತ್ತೆ ಹೊತ್ತದೆಂದು ಎಂಜಿನ್ ಚಾಲೂ ಇಟ್ಟು, ಒಳಗೆ ಬಂದಿದ್ದ. ಗಾಡಿ ಹಿಂದಕ್ಕೆ ಉರುಳಿತು. ಮೇಜು ಮುರಿಯಿತು, ಅಪ್ಪನ ಕಾಲೂ ಮುರಿಯಿತು.

'ಹ್ಯಾಂಡ್‌ಬ್ರೇಕ್ ಎಳೆಯೋಕೆ ಮರೆತೆ' ಎಂದಿದ್ದ ಎಲಿಯೆಸರ್, ಆಸ್ಪತ್ರೆಯ ಮೆಟ್ಟಿಲಲ್ಲಿ.

ಮದುವೆಗೆ ಹದಿನೇಳು ದಿನ ಉಳಿದಿತ್ತು. 'ಒಂದು ಹಿಡಿ ಎಳೆಯೋಕೆ ಮರೆಯೋನು ನೀನು, ನನ್ನನ್ನ ಎಷ್ಟು ದಿನ ನೆನಪಿಟ್ಕೋತೀಯ?' ಎಂದು ಕೇಳಿ ಅವಳು ಉಂಗುರ ಬಿಚ್ಚಿಕೊಟ್ಟಿದ್ದಳು. ಆಮೇಲೆ ಗ್ಯಾರೇಜೂ ಅವಳದಾಯಿತು, ಅಪ್ಪನ ಕಾಲಿನ ಉಪಚಾರವೂ ಅವಳದಾಯಿತು. ಅಳುವುದಕ್ಕೆ ಬಿಡುವು ಸಿಕ್ಕಿರಲಿಲ್ಲ. ಈಗ ಬಿಡುವಿದ್ದರೂ ಅಳು ಬರುತ್ತಿರಲಿಲ್ಲ. ಮೈಯೆಲ್ಲ ಬರೀ ದಣಿವು.

"ಒಳಗೆ ತಗೋ" ಎಂದಳು.

ಗ್ಯಾರೇಜಿನ ಮಟ್ಟಸ ನೆಲದ ಮಧ್ಯೆ, ಗಾಡಿಯ ಅಡಿಗೆ ಇಳಿದು ಕೆಲಸ ಮಾಡಲು ಒಂದು ಗುಂಡಿಯಿತ್ತು. ಅವಳು ದೀಪ ಹಿಡಿದು ಅದಕ್ಕೆ ಇಳಿಯಲು ಹೊರಟಾಗ ಎಲಿಯೆಸರ್ ಅಡ್ಡ ಬಂದ.

"ಅಡಿಯ ಕೆಲಸ ನಾನು ಮಾಡ್ಕೋತೀನಿ. ನೀನು ಚಕ್ರ ಮಾತ್ರ ನೋಡು."

"ಯಾಕೆ? ಅಡಿಯಲ್ಲಿ ಇನ್ನೊಬ್ಬಳನ್ನ ಬಚ್ಚಿಟ್ಟಿದೀಯಾ?"

"ಒಡಾಲಿಸ್, ಬೇಡ..."

"ಪಕ್ಕಕ್ಕೆ ಸರಿ ಮಾರಾಯ. ನನ್ನ ಗುಂಡಿಗೆ ಇಳಿಯೋಕೆ ನಿನ್ನ ಅಪ್ಪಣೆ ಬೇಕಾ?"

ಅವನು ಸರಿದ. ಅಪ್ಪ ಬಿಲ್ಲೆ ಜೋಡಿಸುವುದನ್ನು ನಿಲ್ಲಿಸಿದ್ದು ಅವಳ ಗಮನಕ್ಕೆ ಬಂತು.

ಗಾಡಿಯ ಅಡಿಯಲ್ಲಿ ಕೆಸರು ಗಟ್ಟಿಯಾಗಿ ಅಂಟಿತ್ತು. ಹಿಡಿಯಿಂದ ಬರುವ ಹ್ಯಾಂಡ್‌ಬ್ರೇಕಿನ ತಂತಿಯನ್ನು ಯಾರೋ ಕಳಚಿ ನೇತಾಡಲು ಬಿಟ್ಟಿದ್ದರು. ಅಂದರೆ ಇಷ್ಟು ದಿನ ಇವನು ಆ ಹಿಡಿಯನ್ನು ಮುಟ್ಟಿಯೇ ಇಲ್ಲ. ಮರದ ತುಂಡೇ ಗತಿ.

ಅವಳು ಕೆಸರು ಕೆರೆದಳು. ತಂತಿಯನ್ನು ಬಿಗಿಯುವ ತಿರುಪಿನ ಸರಳು ಕಾಣಿಸಿತು. ಅದರ ಮೇಲೆ ಜೋಡಿ ನಟ್ಟು, ನಟ್ಟು ಅಲುಗದಂತೆ ಮೂರು ಸುತ್ತು ತಾಮ್ರದ ತಂತಿ.

ಊರಿನಲ್ಲಿ ತಾಮ್ರದ ತಂತಿ ಸುತ್ತುವ ಮೆಕ್ಯಾನಿಕ್ ಒಬ್ಬಳೇ. ಅದು ತನ್ನದೇ ಕೈಕೆಲಸ.

ನಟ್ಟು ಸರಳಿನ ಕೊನೆಯವರೆಗೂ ಹೋಗಿ ಕೂತಿತ್ತು. ಇನ್ನೊಂದು ಸುತ್ತಿಗೂ ಜಾಗವಿರಲಿಲ್ಲ. ಸರಳು ಗಾಡಿಯ ಚೌಕಟ್ಟಿಗೆ ತಾಗಿ ಅಲ್ಲಿ ಕಬ್ಬಿಣ ಹೊಳೆಯುವಂತೆ ಉಜ್ಜಿಹೋಗಿತ್ತು.

ಅವಳು ದೀಪವನ್ನು ಇನ್ನೂ ಹತ್ತಿರಕ್ಕೆ ತಂದಳು.

'ಮೊದಲು ಚಕ್ರ, ಆಮೇಲೆ ತಂತಿ.' ಹತ್ತು ವರ್ಷದವಳಿದ್ದಾಗಲೇ ಅಪ್ಪ ಕಲಿಸಿದ ಪಾಠ. ಚಕ್ರದೊಳಗಿನ ಬ್ರೇಕ್ ಪಟ್ಟಿಗಳನ್ನು ಮೊದಲು ಹತ್ತಿರಕ್ಕೆ ತರಬೇಕು. ಅದು ಬಿಟ್ಟು ತಂತಿಯನ್ನೇ ಬಿಗಿದರೆ ಸರಳು ಚೌಕಟ್ಟಿಗೆ ತಾಗಿ ನಿಲ್ಲುತ್ತದೆ. ಹಿಡಿ ಕೈಗೆ ಬಿಗಿಯಾಗಿಯೇ ಸಿಗುತ್ತದೆ, ಚಕ್ರ ಮಾತ್ರ ಸಡಿಲವಾಗೇ ಉಳಿಯುತ್ತದೆ.

ಅವತ್ತು ಬೆಳಿಗ್ಗೆ ಈ ಹ್ಯಾಂಡ್‌ಬ್ರೇಕ್ ಬಿಗಿದವಳು ಅವಳೇ. ಬಲಗಡೆಯ ಚಕ್ರದಲ್ಲಿ ಪಟ್ಟಿಗಳನ್ನು ಮುಚ್ಚುವ ಡ್ರಮ್ಮು ತುಕ್ಕು ಹಿಡಿದು ಕಳಚಿ ಬರಲೇ ಇಲ್ಲ. ಹನ್ನೊಂದಕ್ಕೆ ದರ್ಜಿಯ ಹತ್ತಿರ ಮದುವೆಯ ಉಡುಪಿನ ಅಳತೆಯಿತ್ತು. 'ನಾಳೆ ಬಿಚ್ಚಿದರಾಯ್ತು' ಎಂದುಕೊಂಡು ತಂತಿಯನ್ನೇ ಎಳೆದು ಬಿಗಿದು, ಕೈ ತೊಳೆದು ಓಡಿದ್ದಳು.

ಆ ನಾಳೆ ಆಸ್ಪತ್ರೆಯಲ್ಲಿ ಬೆಳಗಾಯಿತು.

"ನೀನು ಎಳೆದಿದ್ದೆ" ಎಂದಳು ಗುಂಡಿಯೊಳಗಿಂದಲೇ.

ಗುಂಡಿಯ ಅಂಚಿನಲ್ಲಿದ್ದ ಅವನ ಬೂಟುಗಳು ಒಂದು ಹೆಜ್ಜೆ ಹಿಂದೆ ಸರಿದವು.

"ಎಲಿಯೆಸರ್, ಬಾಯಿ ಬಿಡು. ಎಳೆದಿದ್ದೆಯೋ ಇಲ್ಲವೋ?"

"ಎಳೆದಿದ್ದೆ. ಕೈಗೆ ಬಿಗಿಯಾಗೇ ಸಿಕ್ತು."

"ಮತ್ತೆ ಮರೆತೆ ಅಂತ ಯಾಕೆ ಹೇಳಿದೆ?"

"ಮಾರನೇ ದಿನ ಅಡಿಗೆ ಹೋಗಿ ನೋಡಿದಾಗಲೇ ನನಗೂ ಗೊತ್ತಾಗಿದ್ದು. ಮೊದಲು ಆ ಗಾಬರಿಯಲ್ಲಿ ನನಗೇ ಅನುಮಾನ ಇತ್ತು, ಎಳೆದೆನೋ ಇಲ್ಲವೋ ಅಂತ. ಗೊತ್ತಾದಾಗ ನೀನು ಅಪ್ಪನ ಪಕ್ಕ ಕೂತಿದ್ದೆ... ಹೇಳಿದ್ರೆ ನೀನು ಮತ್ತೆ ಪಾನಾ ಹಿಡೀತಿದ್ದೆಯಾ?"

"ನಿನಗೆ ಹೇಳಬೇಡ ಅಂತ ಅವನಿಗೆ ಅಂದಿದ್ದು ನಾನೇ" ಎಂದಿತು ಬಾಗಿಲ ಕಡೆಯಿಂದ ಅಪ್ಪನ ದನಿ. "ಗಾಡಿಯ ಅಡಿಯಲ್ಲೇ ಬಿದ್ದಿದ್ದೆನಲ್ಲ. ಆ ತಾಮ್ರದ ತಂತಿ ನನ್ನ ಮೂಗಿನ ಮುಂದೇ ಇತ್ತು."

ಅವಳು ಮೇಲೆ ಹತ್ತಿ ಬಂದಳು. ಕೆನ್ನೆಯ ಮೇಲೆ ಗ್ರೀಸು.

"ಇಬ್ಬರೂ ಸೇರಿ ನನಗೆ ದಾನ ಮಾಡಿದ್ರಾ?"

"ಮಗಳೇ..."

"ಸುಮ್ನಿರಪ್ಪ. ನನ್ನ ತಪ್ಪನ್ನ ನನಗೆ ಕೊಡದೆ ಇಟ್ಕೊಳ್ಳೋಕೆ ನೀವು ಯಾರು? ಎರಡು ವರ್ಷ ಇವನನ್ನ ಬೈದಿದೀನಿ. ಊಟಕ್ಕೆ ಕೂತಾಗ ಬೈದಿದೀನಿ, ನಿನ್ನ ಕಾಲಿಗೆ ಎಣ್ಣೆ ಹಚ್ಚುವಾಗ ಬೈದಿದೀನಿ. ಆಗ ನೀನು ತಲೆ ಅಲ್ಲಾಡಿಸ್ತಾ ಕೂತಿದ್ದೆ!"

ಮುದುಕ ತಲೆ ತಗ್ಗಿಸಿದ. "ಅದಕ್ಕೇ ಕರೆಸಿದೆ ಕಣೇ. ಸಾಕಾಯ್ತು."

ಒಡಾಲಿಸ್ ಜಾಕ್ ಎಳೆದುಕೊಂಡು ಹಿಂಬದಿಯನ್ನು ಎತ್ತಿದಳು. ಚಕ್ರ ಬಿಚ್ಚಿದಳು. ಬಲಗಡೆಯ ಡ್ರಮ್ಮು ಈಗಲೂ ಹಟ ಹಿಡಿದಿತ್ತು. ಎಣ್ಣೆ ಬಿಟ್ಟು, ಕಾದು, ಸುತ್ತಿಗೆಯಿಂದ ಸುತ್ತಲೂ ತಟ್ಟಿದಳು. ಎಲಿಯೆಸರ್ ಕೇಳದೆಯೇ ಎದುರು ಕೂತು ಇನ್ನೊಂದು ಬದಿಯಿಂದ ತಟ್ಟಿದ. ಮುಕ್ಕಾಲು ಗಂಟೆಗೆ ಅದು ಕಳಚಿ ಅವಳ ಮಡಿಲಿಗೆ ಬಿತ್ತು.

ಪಟ್ಟಿಗಳನ್ನು ಹತ್ತಿರಕ್ಕೆ ತಂದಳು. ಚಕ್ರ ತಿರುಗಿಸಿ ಕಿವಿಗೊಟ್ಟಳು, ಸಣ್ಣಗೆ ಉಜ್ಜುವ ಸದ್ದು ಬರುವವರೆಗೆ. ಆಮೇಲೆ ಗುಂಡಿಗೆ ಇಳಿದು ತನ್ನ ಹಳೆಯ ತಾಮ್ರದ ತಂತಿಯನ್ನು ಕತ್ತರಿಸಿದಳು. ಕಳಚಿದ್ದನ್ನು ಕೂಡಿಸಿ, ಎಷ್ಟು ಬೇಕೋ ಅಷ್ಟೇ ಬಿಗಿದು, ಹೊಸ ತಂತಿ ಸುತ್ತಿದಳು.

"ಬೀದಿಗೆ ತಗೋ" ಎಂದಳು. "ಅದೇ ಜಾಗಕ್ಕೆ."

ಅವನು ಗಾಡಿಯನ್ನು ಏರಿನಲ್ಲಿ ನಿಲ್ಲಿಸಿದ. ಒಡಾಲಿಸ್ ಅಪ್ಪನ ಪಕ್ಕದ ಕುರ್ಚಿಯನ್ನು ಎಳೆದುಕೊಂಡು ಗಾಡಿಯ ಹಿಂದೆಯೇ ಕೂತಳು. ಬಂಪರಿಗೂ ಅವಳ ಮಂಡಿಗೂ ಒಂದು ಗೇಣಿತ್ತು.

"ಹುಚ್ಚಾ ನಿನಗೆ? ಏಳು" ಎಂದ ಎಲಿಯೆಸರ್, ಕಿಟಕಿಯಿಂದ ತಲೆ ಹೊರಹಾಕಿ.

"ಎಳೆದು ಇಳಿ. ಮರ ಇಡಬೇಡ."

"ಒಡಾಲಿಸ್..."

"ನನ್ನ ಕೆಲಸದ ಮೇಲೆ ನಂಬಿಕೆ ಇಲ್ವಾ?"

ಹಿಡಿ ಎಳೆದ ಸದ್ದು ಕೇಳಿತು. ಬ್ರೇಕಿನಿಂದ ಕಾಲು ತೆಗೆಯಲು ಅವನು ಬಹಳ ಹೊತ್ತು ಹಿಡಿದ. ಗಾಡಿ ಒಮ್ಮೆ ನರಳಿ, ಕೂದಲೆಳೆಯಷ್ಟು ಹಿಂದಕ್ಕೆ ಬಾಗಿ, ನಿಂತಿತು.

ಎಲಿಯೆಸರ್ ಮರದ ತುಂಡನ್ನು ಕೈಯಲ್ಲೇ ಹಿಡಿದು ಬಂದು ಅವಳ ಪಕ್ಕ ಕಲ್ಲಿನ ಮೇಲೆ ಕುಸಿದ.

"ಅದು ಇನ್ನು ಬೇಡ ತಾನೇ?" ಎಂದ ಪ್ರುದೆನ್ಸಿಯೊ. "ಇಲ್ಲಿ ಕೊಡು. ನೀನು ಮುರಿದ ಮೇಜು ಇನ್ನೂ ಅಲ್ಲಾಡ್ತಿದೆ."

ಒಡಾಲಿಸ್ ಅದನ್ನು ತೆಗೆದು ಮೇಜಿನ ಗಿಡ್ಡ ಕಾಲಿನಡಿ ಇಟ್ಟಳು. ತಿರುಗಿ ಬಂದು ಕೂತವಳು ಬಂಪರನ್ನೇ ನೋಡುತ್ತ ಹೇಳಿದಳು:

"ಮುರಿದಿದ್ದು ನಾನು. ಕ್ಷಮಿಸು ಅಂತ ಕೇಳೋಕೂ ಶಕ್ತಿ ಇಲ್ಲ ಈಗ. ನಾಳೆ ಕೇಳ್ತೀನಿ."

"ನಾಳೆ ಅಂದ್ರೆ ಬೇಡಪ್ಪ. ನಿನ್ನ ನಾಳೆ ನನಗೆ ಗೊತ್ತು" ಎಂದ ಎಲಿಯೆಸರ್.

ಎರಡು ವರ್ಷದಲ್ಲಿ ಮೊದಲ ಸಲ ಅವಳ ತುಟಿ ನಗುವಿನಿಂದ ಓರೆಯಾಯಿತು. "ಕೆಳಗಿನ ರಸ್ತೆಯಲ್ಲಿ ನಿನ್ನ ಹಾರ್ನ್ ಕೇಳಿದಾಗಲೆಲ್ಲ ಸುತ್ತಿಗೆ ನಿಲ್ಲಿಸ್ತಿದ್ದೆ. ಬೈಯೋಕೆ ಅಂದ್ಕೊಂಡಿದ್ದೆ."

"ನಾನು ಸುಮ್ನೆ ಹೊಡೀತಿದ್ದೆ. ರಸ್ತೆ ಖಾಲಿ ಇದ್ರೂ."

ಅವಳು ಗ್ರೀಸು ಮೆತ್ತಿದ ಕೈಯನ್ನು ಅವನ ಕೈಯ ಮೇಲಿಟ್ಟಳು.

"ಸುಸ್ತಾಗಿದೀಯಾ?"

"ತುಂಬಾ."

"ಒಳಗೆ ಬಾ. ಕಾಫಿ ಇಡ್ತೀನಿ."

ಅವನು ಏಳುತ್ತ ಒಮ್ಮೆ ಹಿಂದಿರುಗಿ ನೋಡಿದ. "ಗಾಡಿ?"

"ನಿಲ್ಲುತ್ತೆ."