ಏರಿನಲ್ಲಿ ಜಾರದ ಬಂಡಿ

ನವೆಂಬರ್ ಹನ್ನೆರಡರ ಮಧ್ಯಾಹ್ನ ಊಟಿ ಬಳಿಯ ಎಮರಾಲ್ಡ್ ಠಾಣೆಗೆ ದೂರು ಬಂತು. ಕೊಟ್ಟವಳು ಕೆಳಗಿನ ಹಟ್ಟಿಯ ಹಾಲಿ ಎಂಬವಳು. ಅವಳ ಗಂಡ ಲಿಂಗ ಅಂದು ಬೆಳಗ್ಗೆ ಹೊಸ ಎಲೆಕ್ಟ್ರಿಕ್ ಬೈಕಿಗೆ ಎರಡು ಮೂಟೆ ಚಹಾ ಎಲೆ ಹೇರಿ, ಫ್ಯಾಕ್ಟರಿ ವ್ಯಾನು ಬರುವ ರಸ್ತೆಗೆ ಹೊರಟಿದ್ದ. ಬೈಕು ಇದ್ದಕ್ಕಿದ್ದಂತೆ ಚಂಗನೆ ಹಾರಿ, ಅವನನ್ನೂ ಎಳೆದುಕೊಂಡು ಹಳ್ಳಕ್ಕೆ ಬಿದ್ದಿತ್ತು. ಊಟಿಯ ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗಿತ್ತು.

"ಬಂಡಿ ಮಾರಿದವನೇ ಕೊಂದವನು ಅಮ್ಮಾ," ಎಂದಳು ಹಾಲಿ. "ಕೆಟ್ಟ ಮೋಟಾರು ಕೊಟ್ಟಿದಾನೆ. ಎನ್ನ ಮಗನೇ ಹೇಳ್ದ."

ಮಗ ಕಾರ್ತಿ ಗೋಡೆಗೊರಗಿ ನಿಂತಿದ್ದ. ತಲೆ ಎತ್ತಲಿಲ್ಲ. ಅಪ್ಪನನ್ನು ಕಳಕೊಂಡ ಹುಡುಗ, ಎತ್ತದಿದ್ದರೆ ಅದರಲ್ಲೇನು ವಿಶೇಷ ಎಂದುಕೊಂಡಳು ಇನ್‌ಸ್ಪೆಕ್ಟರ್ ಸಿಂಧುಜಾ. ಎಫ್‌ಐಆರ್ ದಾಖಲಿಸಿ, ಬೈಕು ಮಾರಿದ ರಾಜೇಶ್‌ಕುಮಾರನನ್ನು ಕರೆಸಿದಳು. ಅವನು ಬರುವಷ್ಟರಲ್ಲಿ ಊಟಿಯಲ್ಲಿ ಅವನ ಅಂಗಡಿಯ ಗಾಜು ಪುಡಿಪುಡಿಯಾಗಿತ್ತು. ಹಟ್ಟಿಯ ಯುವಕರು ಅವನನ್ನು ಇವತ್ತೇ ಜೈಲಿಗೆ ಹಾಕಬೇಕೆಂದು ಠಾಣೆಯ ಮುಂದೆ ಕೂತಿದ್ದರು.

"ಬಂಡಿ ತಾನಾಗಿ ಹಾರುತ್ತಾ?" ಎಂದು ಕೇಳಿದಳು ಸಿಂಧುಜಾ.

"ಇಲ್ಲ ಮೇಡಂ. ಆಕ್ಸಿಲರೇಟರ್ ತಿರುಗಿಸಬೇಕು. ಆದ್ರೆ ಪೆಟ್ರೋಲ್ ಬಂಡಿ ಹಂಗೆ ನಿಧಾನಕ್ಕೆ ಎದ್ದೇಳೋದಲ್ಲ ಇದು. ನಿಂತ ಜಾಗದಿಂದಲೇ ಪೂರಾ ಬಲ ಹಾಕಿ ಎಳೆಯುತ್ತೆ. ಸದ್ದೂ ಇಲ್ಲ. ಅದಕ್ಕೇ ಬ್ರೇಕ್ ಹಿಡಿದ್ರೆ ಮೋಟಾರಿಗೆ ಕರೆಂಟು ನಿಲ್ಲೋ ಹಾಗೆ ಒಂದು ವೈರು ಇಟ್ಟಿರ್ತಾರೆ."

"ಆ ವೈರು ಕೆಟ್ಟಿದ್ರೆ?"

"ಕೆಟ್ಟಿದ್ದನ್ನೇ ಕೊಟ್ಟಿದ್ರೆ ತಪ್ಪು ನಂದು ಮೇಡಂ," ಎಂದ ರಾಜೇಶ್‌ಕುಮಾರ್.

ಮೂರು ಗಂಟೆಗೆ ಸ್ಥಳದ ಪಂಚನಾಮೆ ನಡೆಯಿತು. ತೋಟದ ಕಾಲುದಾರಿ ಏಣಿ ಇಟ್ಟಷ್ಟು ಕಡಿದಾಗಿತ್ತು. ಹೆಡ್ ಕಾನ್‌ಸ್ಟೆಬಲ್ ಧರ್ಮಲಿಂಗಂ ಮೊಣಕಾಲೂರಿ ಕೆಂಪು ಮಣ್ಣನ್ನು ನೋಡಿದ. ಹಿಂದಿನ ಚಕ್ರ ನಿಂತಲ್ಲೇ ಗರಗರ ತಿರುಗಿ ಗುಂಡಿ ತೋಡಿತ್ತು. ಮುಂದಿನ ಚಕ್ರ ಮಾತ್ರ ತಿರುಗದೆ, ಹಳ್ಳದ ಅಂಚಿನವರೆಗೆ ನೆಟ್ಟಗೆ ಗೀರು ಎಳೆದುಕೊಂಡು ಹೋಗಿತ್ತು. ಅದರ ಪಕ್ಕದಲ್ಲೇ ಲಿಂಗನ ಹೆಜ್ಜೆಗಳ ಗುರುತಿತ್ತು; ಅವನು ಇನ್ನೂ ಬಂಡಿ ಏರಿರಲಿಲ್ಲ.

"ಮುಂದೆ ಬ್ರೇಕ್ ಹಿಡ್ಕೊಂಡೇ ಇದ್ರು ಮೇಡಂ. ಹಿಂದೆ ಮೋಟಾರು ಓಡ್ತಾನೇ ಇತ್ತು."

ಹಾಗಾದರೆ ವೈರು ಕೆಟ್ಟಿರಲೇಬೇಕು. ರಾಜೇಶ್‌ಕುಮಾರನ ಕತೆ ಮುಗಿಯಿತು ಎಂದೇ ಸಿಂಧುಜಾ ಭಾವಿಸಿದಳು. ಹಳ್ಳದಿಂದ ಬೈಕನ್ನು ಎತ್ತಿಸಿ, ಪಂಚರ ಎದುರಿನಲ್ಲಿ ಹಿಂದಿನ ಚಕ್ರವನ್ನು ಮೇಲೆತ್ತಿ ಪರೀಕ್ಷಿಸಿದರು. ಬ್ರೇಕ್ ಒತ್ತಿದ ಕೂಡಲೇ ಮೋಟಾರು ನಿಂತಿತು. ಹತ್ತು ಸಲ ಒತ್ತಿದರೂ ನಿಂತಿತು.

ವೈರು ಸರಿಯಿದ್ದರೆ ಆ ಗುಂಡಿ ಬೀಳಲು ಸಾಧ್ಯವೇ ಇರಲಿಲ್ಲ. ಸಿಂಧುಜಾ ಟಾರ್ಚು ಹಿಡಿದು ಹ್ಯಾಂಡಲಿನ ಕೆಳಗೆ ಬಗ್ಗಿದಳು. ಬೈಕಿನ ಮೈಯೆಲ್ಲ ಕೆಸರು ಮೆತ್ತಿಕೊಂಡಿತ್ತು. ಬ್ರೇಕಿನ ವೈರು ಸಿಕ್ಕಿಸುವ ಪ್ಲಗ್ಗು ಮಾತ್ರ ಒರೆಸಿ ಇಟ್ಟಂತೆ ಚೊಕ್ಕವಾಗಿತ್ತು. ಬಿದ್ದ ಮೇಲೆ ಯಾರೋ ಅದನ್ನು ಒರೆಸಿ ವೈರನ್ನು ಮತ್ತೆ ಸಿಕ್ಕಿಸಿದ್ದರು.

ಹಾಲಿಯ ಮನೆಯಲ್ಲಿ ಸಿಂಧುಜಾ ಒಂದೇ ಪ್ರಶ್ನೆ ಕೇಳಿದಳು. "ಅಕ್ಕಾ, ಬಂಡಿ ಹತ್ತೋ ಮೊದಲೇ ಆಕ್ಸಿಲರೇಟರ್ ಯಾಕೆ ತಿರುಗಿಸಿದ್ರು?"

"ಚಳಿಯಲ್ಲವಾ ಅಮ್ಮಾ. ಹಳೇ ಪೆಟ್ರೋಲ್ ಬಂಡೀನ ಬೆಳಗ್ಗೆ ಬಿಸಿ ಮಾಡದೆ ತೆಗೀತಿರಲಿಲ್ಲ. ಪಕ್ಕದಲ್ಲಿ ನಿಂತು, ಬ್ರೇಕ್ ಹಿಡಿದು, ಗುರ್ ಗುರ್ ಅಂತ ತಿರುಗಿಸೋರು. ಇದಕ್ಕೆ ಅದು ಬೇಡ ಅಂದ್ರೂ ಕೈ ಕೇಳಬೇಕಲ್ಲ. ಏನೂ ಆಗ್ತಿರಲಿಲ್ಲ, ನಾವು ನಗ್ತಿದ್ದೆವು."

ಅಷ್ಟರಲ್ಲಿ ಧರ್ಮಲಿಂಗಂ ನೆರೆಮನೆಗಳನ್ನು ವಿಚಾರಿಸಿ ಬಂದ. ಹಟ್ಟಿಯವರು ಲಿಂಗನನ್ನು ಹೆಗಲ ಮೇಲೆ ಹೊತ್ತು ಜೀಪಿನತ್ತ ಓಡಿದಾಗ, ಎಲ್ಲರಿಗಿಂತ ಮೊದಲು ಹೆಗಲು ಕೊಡಬೇಕಾದ ಮಗ ಹಳ್ಳದಲ್ಲೇ ಉಳಿದಿದ್ದ. ಬಂಡಿ ಆಫ್ ಮಾಡಿ ಬರ್ತೀನಿ ಎಂದಿದ್ದನಂತೆ. ಈ ತನಿಖೆ ತನ್ನ ಕೈಗೆ ಬರಬಾರದಿತ್ತು ಎನಿಸಿತು ಸಿಂಧುಜಾಳಿಗೆ.

ಕಾರ್ತಿಯನ್ನು ಕೆಳಗಿನ ಎಲೆ ಶೆಡ್ಡಿಗೆ ಕರೆದಳು.

"ವೈರು ಯಾವಾಗ ಬಿಚ್ಚಿದೆ?"

ಕಾರ್ತಿ ಎಲೆ ಮೂಟೆಯ ಮೇಲೆ ಕೂತ.

"ನಿನ್ನೆ ಸಂಜೆ."

"ಯಾಕೆ?"

"ಮೂಟೆ ಹೇರಿ ಏರಿನಲ್ಲಿ ನಿಲ್ಲಿಸಿದ್ರೆ ಬಂಡಿ ಹಿಂದಕ್ಕೆ ಜಾರ್ತಿತ್ತು ಮೇಡಂ. ಬ್ರೇಕ್ ಬಿಟ್ಟ ಮೇಲಲ್ಲವಾ ಮೋಟಾರು ಎಳೆಯೋದು? ವೈರು ಬಿಚ್ಚಿದ್ರೆ ಬ್ರೇಕ್ ಹಿಡಿದೇ ಬಲ ಏರಿಸಬಹುದು. ಹೋದ ವಾರ ಜಾರಿ ಅಪ್ಪ ಬಿದ್ದರು, ವ್ಯಾನಿನವರೆಲ್ಲ ನಕ್ಕರು. ಮಾರನೇ ದಿನದಿಂದ ಮತ್ತೆ ಮೂಟೆ ತಲೆ ಮೇಲೆ ಹೊರೋಕೆ ಶುರು ಮಾಡಿದ್ರು. ಎನಗೆ ನೋಡೋಕಾಗಲಿಲ್ಲ."

"ಅವರಿಗೆ ಹೇಳಿದ್ಯಾ?"

"ಹೊಸ ಬಂಡೀನ ಬಿಚ್ಚೋಕೆ ಬಿಡ್ತಿರಲಿಲ್ಲ. ಇವತ್ತು ಬಂಡೀಲೇ ಹೋಗಿ ಅಂತ ಮಾತ್ರ ಒಪ್ಪಿಸಿದೆ. ಒಂದು ಸಲ ಏರು ಹತ್ತಿ ಖುಷಿಯಾಗಲಿ, ಆಮೇಲೆ ಹೇಳೋಣ ಅಂತಿದ್ದೆ."

"ರಾಜೇಶ್‌ಕುಮಾರ್ ಜೈಲಿಗೆ ಹೋಗ್ತಿದ್ದ, ಗೊತ್ತಾ?"

"ಗೊತ್ತಿತ್ತು. ಅವ್ವೆ ಮುಖ ಹೆಂಗೆ ನೋಡಲಿ ಅನ್ನೋದೊಂದೇ ಇತ್ತು ತಲೇಲಿ."

ಸಂಜೆ ಆರಕ್ಕೆ ಕಾರ್ತಿಯನ್ನು ಬಂಧಿಸಿದರು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದದ್ದು, ಸಾಕ್ಷ್ಯ ನಾಶ. ಮೊದಲನೆಯದನ್ನು ಬೆಳಗ್ಗೆಯೇ ಒಪ್ಪಿಕೊಂಡಿದ್ದರೆ ಹುಡುಗನ ಅವಿವೇಕ ಎಂದು ನ್ಯಾಯಾಲಯವೂ ಮರುಗುತ್ತಿತ್ತೇನೋ. ಅಪ್ಪನ ತಲೆಯ ಮೇಲಿನ ಹೊರೆಯನ್ನು ಇಳಿಸಬೇಕೆಂಬುದಷ್ಟೇ ಅವನಿಗಿದ್ದ ಆಸೆ. ರಾಜೇಶ್‌ಕುಮಾರನನ್ನು ಮನೆಗೆ ಕಳಿಸುವಾಗ ಸಿಂಧುಜಾ ಕ್ಷಮೆ ಕೇಳಿದಳು. ಅವನು ಕೈಮುಗಿದು ಹೊರಟುಹೋದ.

ಮರುದಿನ ಹಾಲಿ ಮರುಹೇಳಿಕೆ ಕೊಡಲು ಬಂದಳು. ಮಗನ ಬಗ್ಗೆ ಒಂದೂ ಕೆಟ್ಟ ಮಾತಾಡಲಿಲ್ಲ. ಎಲ್ಲ ಬರೆಸಿದ ಮೇಲೂ ಎದ್ದು ಹೋಗಲಿಲ್ಲ.

"ಇನ್ನೇನಾದ್ರೂ ಇದ್ಯಾ ಅಕ್ಕಾ?"

"ಜೀಪಿನಲ್ಲಿ ಒಂದೇ ಒಂದು ಸಲ ಕಣ್ಣು ಬಿಟ್ಟರು. ಕಾರ್ತಿ ಎಲ್ಲಿ, ಕಾರ್ತಿ ಬರಲಿಲ್ವಾ ಅಂದ್ರು. ಬರ್ತಿದಾನೆ ಅಂದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಇದನ್ನ ಬರೀಬೇಡಿ ಅಮ್ಮಾ. ಕೋರ್ಟಿನಲ್ಲಿ ಓದಿದ್ರೆ ಅವನ ಕಿವಿಗೆ ಬೀಳುತ್ತೆ."

ಸಿಂಧುಜಾ ಪೆನ್ನಿನ ಮುಚ್ಚಳ ಹಾಕಿದಳು.